ಶುಗರ್ ಬಂದವರು ಕುಚ್ಚಲಕ್ಕಿ ಗಂಜಿ ಬಿಡಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಹೋದ ತಿಂಗಳು ಶುಗರ್ ಅಂತ ಗೊತ್ತಾಯಿತು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 8.2 ಇದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಊಟದಲ್ಲಿ ಜಾಗ್ರತೆ ಅಂದಿದ್ದಾರೆ. ಈಗ ಮನೆಗೆ ಬಂದವರೆಲ್ಲ ಕುಚ್ಚಲಕ್ಕಿ ಬಿಡಿ, ಚಪಾತಿ ತಿನ್ನಿ ಅಂತಾರೆ. ಚಪಾತಿ ಅವರಿಗೆ ಸೇರುವುದೇ ಇಲ್ಲ. ಆಹಾರತಜ್ಞರ ಹತ್ತಿರ ಹೋಗೋಣ ಅಂದರೆ "ಅವರು ಗಂಜಿ ಬಿಡಿಸ್ತಾರೆ, ನಾನು ಬರುವುದಿಲ್ಲ" ಅಂತ ಹಟ. ನಿಜವಾಗಿ ಗಂಜಿ ಬಿಡಲೇಬೇಕಾ? (ಕಾಪುವಿನ ಓದುಗರೊಬ್ಬರು)

ಉತ್ತರ: ಬಿಡಬೇಕಾಗಿಲ್ಲ. ಈ ಮಾತನ್ನು ಮೊದಲು ಅವರಿಗೆ ಓದಿ ಹೇಳಿ, ಆಮೇಲೆ ಮುಂದಿನದು ಓದಿ. ಯಾಕೆಂದರೆ ಮುಂದಿನದು ಅವರಿಗೆ ಅಷ್ಟು ಇಷ್ಟ ಆಗಲಿಕ್ಕಿಲ್ಲ.

ಉಡುಪಿ, ಮಂಗಳೂರು ಕಡೆಯಿಂದ ಆಹಾರತಜ್ಞೆಯಾದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಚಪಾತಿಯ ಮಾತು ಮೊದಲು ಮುಗಿಸಿಬಿಡೋಣ. ಒಂದು ಸಾಧಾರಣ ಚಪಾತಿಗೆ ಸುಮಾರು 30 ಗ್ರಾಂ ಹಿಟ್ಟು ಬೇಕು. ಅದರಲ್ಲಿ 20 ಗ್ರಾಮಿನಷ್ಟು ಕಾರ್ಬೋಹೈಡ್ರೇಟ್. ಅಷ್ಟೇ ತೂಕದ ಅಕ್ಕಿಯಲ್ಲಿ 23 ಗ್ರಾಂ. ಗೋಧಿಯಲ್ಲಿ ನಾರು, ಪ್ರೊಟೀನ್ ಸ್ವಲ್ಪ ಜಾಸ್ತಿ, ಅದು ನಿಜ. ಆದರೆ ನಾಲ್ಕು ಚಪಾತಿಗೆ ಬಟಾಟೆ ಪಲ್ಯ ಹಚ್ಚಿಕೊಂಡು ತಿಂದು "ನಾನು ಅನ್ನ ಬಿಟ್ಟೆ" ಅಂದರೆ ಶುಗರ್‌ಗೆ ಅದು ಗೊತ್ತೇ ಆಗುವುದಿಲ್ಲ. ಚಪಾತಿಯಿಂದ ಕೆಲವರಿಗೆ ಶುಗರ್ ಇಳಿಯುತ್ತದೆ. ಅದು ಗೋಧಿಯ ಮಹಿಮೆ ಅಲ್ಲ. ಚಪಾತಿ ಎಣಿಸಿ ತಿನ್ನುತ್ತೇವೆ, ಅನ್ನ ಎಣಿಸುವುದಿಲ್ಲ, ಅಷ್ಟೇ.

ಇನ್ನು ಕುಚ್ಚಲಕ್ಕಿ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಬೇಯುವಾಗ ತೌಡಿನಲ್ಲಿರುವ ಬಿ1 ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಪಿಷ್ಟ ಒಮ್ಮೆ ಬೆಂದು, ಒಣಗಿ, ಗಟ್ಟಿಯಾಗುವುದರಿಂದ ಬೆಳ್ತಿಗೆ ಅಕ್ಕಿಗಿಂತ, ಅಂದರೆ ಬೇಯಿಸದ ಭತ್ತದ ಬಿಳಿ ಅಕ್ಕಿಗಿಂತ, ತುಸು ನಿಧಾನವಾಗಿ ಅರಗುತ್ತದೆ. ಹಿಂದೆ ತುಂಬ ಪಾಲಿಶ್ ಮಾಡಿದ ಅಕ್ಕಿ ತಿನ್ನುವವರಿಗೆ ಈ ಬಿ1 ಕೊರತೆಯಿಂದ ಬೆರಿಬೆರಿ ಅಂತ ಕಾಯಿಲೆ ಬರುತ್ತಿತ್ತು. ಕುಚ್ಚಲು ತಿನ್ನುವವರಲ್ಲಿ ಅದು ಕಡಿಮೆ. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಶುರುವಾದದ್ದೇ ಈ ಬೆರಿಬೆರಿ ವಿಚಾರಣೆಗೆ, 1918ರಲ್ಲಿ, ಕೂನೂರಿನ ಒಂದು ಕೋಣೆಯಲ್ಲಿ. ಹಾಗಾಗಿ ನಮ್ಮ ಅಜ್ಜಿಯರ ಅಕ್ಕಿಗೆ ಮರ್ಯಾದೆ ಕೊಡಲು ಕಾರಣ ಉಂಟು.

ಆದರೆ ಮರ್ಯಾದೆ ಬೇರೆ, ಬಟ್ಟಲು ತುಂಬಿಸುವುದು ಬೇರೆ.

ನನ್ನ ಹತ್ತಿರ ಮೊದಲ ಸಲ ಬರುವವರಿಗೆ ಫೋನಿನಲ್ಲೇ ಹೇಳುತ್ತೇನೆ: ದಿನಾ ಊಟ ಮಾಡುವ ಬಟ್ಟಲು, ಅನ್ನ ಬಡಿಸುವ ಸೌಟು, ಅಕ್ಕಿ ಅಳೆಯುವ ಪಾತ್ರೆ ತನ್ನಿ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ತಂದಿದ್ದರು. ಸ್ಟೀಲಿನ ಆಳದ ಬಟ್ಟಲು, ಅಂಚಿನಲ್ಲಿ ಅವರ ಮದುವೆಯ ತಾರೀಕು ಕೊರೆದಿತ್ತು. "ಎರಡು ಸೌಟು ಗಂಜಿ ಮೇಡಂ, ಅದಕ್ಕಿಂತ ಹೆಚ್ಚಿಲ್ಲ" ಅಂದರು. ಪಕ್ಕದಲ್ಲಿದ್ದ ಹೆಂಡತಿ "ನೀವು ಹಾಕಿಕೊಳ್ಳುವ ಸೌಟಾ, ನಾನು ಹಾಕುವ ಸೌಟಾ?" ಅಂತ ಕೇಳಿದರು. ಅವರು ಕಿಟಕಿ ನೋಡಿದರು. ಮನೆಯ ಕುಡ್ತೆಯಲ್ಲಿ, ಅಂದರೆ ಅಕ್ಕಿ ಅಳೆಯುವ ಪಾತ್ರೆಯಲ್ಲಿ, ಅಕ್ಕಿ ತುಂಬಿಸಿ ತಕ್ಕಡಿಗೆ ಹಾಕಿದೆವು. 190 ಗ್ರಾಂ. ಮಧ್ಯಾಹ್ನ ಒಂದು ಕುಡ್ತೆ ಅಕ್ಕಿ ಅವರೊಬ್ಬರಿಗೇ, ರಾತ್ರಿ ಮತ್ತೆ ಅಷ್ಟೇ. ಅಂದರೆ ಒಂದು ಹೊತ್ತಿಗೆ 145 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್. ಶುಗರ್ ಇದ್ದವರಿಗೆ ಒಂದು ಊಟಕ್ಕೆ ನಾನು ಸಾಧಾರಣವಾಗಿ 45ರಿಂದ 60 ಗ್ರಾಮಿನೊಳಗೆ ಇಡುತ್ತೇನೆ. ಬಸ್ಸಿನಲ್ಲಿ ನಿಂತು ಓಡಾಡುತ್ತಿದ್ದ ಕಾಲದ ಊಟವನ್ನು ಅವರು ಜಗಲಿಯಲ್ಲಿ ಕೂತ ಮೇಲೂ ಮಾಡುತ್ತಿದ್ದರು.

ಬಯ್ಯಲಿಲ್ಲ. ಬಯ್ದರೆ ಮುಂದಿನ ಸಲ ಬಟ್ಟಲು ಮನೆಯಲ್ಲೇ ಉಳಿಯುತ್ತದೆ.

ಒಂದೇ ದಿನದಲ್ಲಿ ಮೂರನೇ ಒಂದು ಪಾಲಿಗೆ ಇಳಿಸಿದರೂ ಆಗುವುದಿಲ್ಲ. ಹಸಿವು ತಡೆಯದೆ ಸಂಜೆ ನಾಲ್ಕಕ್ಕೆ ಬನ್ಸ್ ತಿನ್ನುತ್ತಾರೆ. ಮೊದಲ ಹದಿನೈದು ದಿನ ಒಂದು ಸೌಟು ತೆಗೆದೆವು, ಆ ಜಾಗಕ್ಕೆ ಹೆಸರುಕಾಳಿನ ಗಸಿ (ಗಟ್ಟಿ ಸಾರು) ಒಂದು ಸೌಟು. ಆಮೇಲೆ ಇನ್ನೊಂದು ಸೌಟು ತೆಗೆದು ಬಸಳೆ. ಗಂಜಿ ಗಂಜಿಯಾಗಿಯೇ ಉಳಿಯಿತು, ಬಟ್ಟಲಿನಲ್ಲಿ ಜಾಗ ಮಾತ್ರ ಹಂಚಿಹೋಯಿತು.

ನಿಮ್ಮ ಮನೆಯಲ್ಲೂ ಕೇಳಬೇಕಾದ್ದು ಇದೇ: ಗಂಜಿಯ ಜೊತೆ ಏನು? ತುಂಬ ಮನೆಗಳಲ್ಲಿ ರಾತ್ರಿಯ ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಇಲ್ಲದಿದ್ದರೆ ಒಣಮೀನು ಚಟ್ನಿ. ನಾಲಿಗೆಗೆ ಸ್ವರ್ಗ, ನಾನೂ ಬಲ್ಲೆ. ಆದರೆ ಅದು ಬರೀ ಅಕ್ಕಿ ಮತ್ತು ಉಪ್ಪು. ಇಡೀ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಸಾಕು ಅನ್ನುವುದು ಲೆಕ್ಕ. ಗಂಜಿಗೆ ಹಾಕುವ ಕಲ್ಲುಪ್ಪು, ಉಪ್ಪಿನಕಾಯಿ, ಹಪ್ಪಳದಲ್ಲೇ ಅದು ಮುಗಿಯುತ್ತದೆ. ಶುಗರ್ ಇದ್ದವರಿಗೆ ಬಿಪಿಯೂ ಜೊತೆಯಲ್ಲಿ ಬರುವುದು ಮಾಮೂಲಿ.

ಪದಾರ್ಥಕ್ಕೆ ನಮ್ಮಲ್ಲಿ ಬರ ಉಂಟಾ? ಬೂತಾಯಿ, ಬಂಗುಡೆ ಮೀನು ಪ್ರೊಟೀನಿಗೂ ಒಮೆಗಾ 3ಕ್ಕೂ ಒಳ್ಳೆಯದು, ದುಬಾರಿ ಅಂಜಲ್ ಬೇಕೆಂದಿಲ್ಲ. ಹುಳಿ, ಮೆಣಸಿನ ಪುಳಿಮುಂಚಿ ಮಾಡಿ, ದಿನಾ ಎಣ್ಣೆಯಲ್ಲಿ ಕಾಯಿಸಬೇಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ. ಆಗ ಮೊಟ್ಟೆ, ಹುರುಳಿ, ಅಲಸಂಡೆ ಕಾಳು. ಮೀನು ತಿನ್ನದ ಮನೆಯವರಿಗೆ ತೊವ್ವೆ, ಕಡಲೆ ಗಸಿ, ಮಜ್ಜಿಗೆ. ಹರಿವೆ, ತೊಂಡೆಕಾಯಿ, ಹೀರೆಕಾಯಿ, ಮಟ್ಟುಗುಳ್ಳ ಬದನೆ ಇವೆಲ್ಲ ಎಷ್ಟು ತಿಂದರೂ ನಾನು ಲೆಕ್ಕ ಕೇಳುವುದಿಲ್ಲ. ಒಂದೆಲಗದ ತಂಬುಳಿಯಿಂದ ಶುಗರ್ ಗುಣ ಆಗುವುದಿಲ್ಲ, ಆದರೆ ಊಟ ರುಚಿಯಾಗುತ್ತದೆ, ಉಪ್ಪಿನಕಾಯಿ ನೆನಪಾಗುವುದು ಕಡಿಮೆಯಾಗುತ್ತದೆ. ತೆಂಗಿನಕಾಯಿ ಪೂರಾ ಬಿಡಿ ಅಂತ ಕರಾವಳಿಯಲ್ಲಿ ಹೇಳಿದವರ ಹತ್ತಿರ ಎರಡನೇ ಸಲ ಯಾರೂ ಹೋಗುವುದಿಲ್ಲ. ಎರಡು ಪದಾರ್ಥ ಇದ್ದ ದಿನ ಒಂದಕ್ಕೆ ಮಾತ್ರ ಕಾಯಿ ಹಾಕಿ, ಅಷ್ಟು ಸಾಕು.

ಇನ್ನೆರಡು ಸಣ್ಣ ವಿಷಯ. ಪಲ್ಯ, ಮೀನು ಮೊದಲು ತಿಂದು ಗಂಜಿ ಕೊನೆಗೆ ಉಂಡರೆ ಊಟದ ನಂತರದ ಶುಗರ್ ಅಷ್ಟು ಜಿಗಿಯುವುದಿಲ್ಲ. ಗಂಜಿ ಕಾಳು ಕಾಳಾಗಿ ಇರಲಿ. ಅರಳಿ, ಒಡೆದು, ಪಾಯಸದ ಹಾಗೆ ಆದರೆ ಬೇಗ ಅರಗುತ್ತದೆ, ಬೇಗ ಏರುತ್ತದೆ. ತಂಗಳು ಗಂಜಿಯಲ್ಲಿ ಅರಗದ ಪಿಷ್ಟ ಸ್ವಲ್ಪ ಹೆಚ್ಚಾಗುವುದು ಹೌದು, ಹಾಗಂತ ಎರಡು ಬಟ್ಟಲು ತಿನ್ನಲು ಅದು ಪರವಾನಗಿ ಅಲ್ಲ.

ಈಗ ಅಲ್ಲಲ್ಲಿ ಕಾಣುವ "ಹೋಲಿಸ್ಟಿಕ್ ನ್ಯೂಟ್ರಿಷನಿಸ್ಟ್" ಅನ್ನುವ ಬೋರ್ಡಿನ ಬಗ್ಗೆ. ನನ್ನ ಕೆಲಸಕ್ಕೂ ಜನ ಈಗ ಅದೇ ಹೆಸರು ಹೇಳುತ್ತಾರೆ. ಗುಟ್ಟಿನ ವಿದ್ಯೆ ಏನೂ ಇಲ್ಲ. ತಟ್ಟೆ ಒಂದನ್ನೇ ನೋಡದೆ ಅದರ ಮುಂದೆ ಕೂತವರ ಇಡೀ ದಿನ ನೋಡುವುದು, ಅಷ್ಟೇ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ಕೆಲಸಕ್ಕೆ ಸೇರಿದ ಹೊಸತು. ಎಲ್ಲರಿಗೂ ಒಂದೇ ಪ್ರಿಂಟ್ ಹಾಕಿದ ಚಾರ್ಟು ಕೊಡುತ್ತಿದ್ದೆ. ಎಂಟು ಗಂಟೆಗೆ ಓಟ್ಸ್, ಹನ್ನೊಂದಕ್ಕೆ ಹಣ್ಣು, ಹೀಗೆ. ಮೀನು ಮಾರುವ ಅಕ್ಕ ಒಬ್ಬರಿಗೂ ಅದನ್ನೇ ಕೊಟ್ಟೆ. ಎರಡು ವಾರ ಬಿಟ್ಟು ಬಂದು "ಅಕ್ಕಾ, ನಿಮ್ಮ ಓಟ್ಸ್ ನಮ್ಮ ಬೆಕ್ಕೂ ಮೂಸಲಿಲ್ಲ" ಅಂದರು. ನಕ್ಕೆ. ಮುಂದಿನ ಮಾತಿಗೆ ನಗು ನಿಂತಿತು. ಬೆಳಗ್ಗೆ ತಲೆ ತಿರುಗುತ್ತದೆ, ಮೈ ಬೆವರುತ್ತದೆ, ಕೈ ನಡುಗುತ್ತದೆ ಅಂದರು. ಆಗ ಕೇಳಿದೆ, ಏಳುವುದು ಎಷ್ಟು ಹೊತ್ತಿಗೆ? ಮೂರೂವರೆಗೆ. ನಾಲ್ಕಕ್ಕೆ ಕಣ್ಣ ಚಾಯದ (ಹಾಲಿಲ್ಲದ ಚಾ) ಜೊತೆ ಶುಗರ್ ಮಾತ್ರೆ ನುಂಗಿ ದಕ್ಕೆಗೆ, ಅಂದರೆ ಮೀನಿನ ದೋಣಿ ನಿಲ್ಲುವ ಜಾಗಕ್ಕೆ, ಹೋಗುತ್ತಿದ್ದರು. ಹೊಟ್ಟೆಗೆ ಏನಾದರೂ ಬೀಳುವುದು ಹತ್ತು ಗಂಟೆಗೆ, ಬುಟ್ಟಿ ಖಾಲಿಯಾದ ಮೇಲೆ. ತಿಂಡಿಯ ಜೊತೆ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಆರು ಗಂಟೆ ಕಾಲ ಖಾಲಿ ಹೊಟ್ಟೆಯಲ್ಲಿ ಶುಗರ್ ಕೆಳಗೆ ಎಳೆಯುತ್ತಿತ್ತು. ನನ್ನ ಚಾರ್ಟಿನಲ್ಲಿ ಎಂಟು ಗಂಟೆ ಅಂತ ಇತ್ತು. ಆ ಹೊತ್ತಿಗೆ ಅವರು ಬಿಸಿಲಿನಲ್ಲಿ ಬಂಗುಡೆ ಎಣಿಸುತ್ತಿದ್ದರು. ಅವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿದೆವು, ಮಾತ್ರೆಯ ಹೊತ್ತು ಬದಲಾಯಿತು. ಚಾರ್ಟಿನ ಕಟ್ಟನ್ನು ನಾನು ರದ್ದಿಗೆ ಹಾಕಿದೆ.

ಆದ್ದರಿಂದ ನಿಮ್ಮ ಯಜಮಾನರ ಹತ್ತಿರವೂ ನನ್ನ ಮೊದಲ ಪ್ರಶ್ನೆ ಗಂಜಿಯದ್ದಲ್ಲ. ಎಷ್ಟು ಹೊತ್ತಿಗೆ ಮಲಗುತ್ತಾರೆ? ಅಂಗಡಿಯಲ್ಲಿ ಕೂತ ಕೆಲಸವಾ, ನಡೆಯುವ ಕೆಲಸವಾ? ದಿನಕ್ಕೆ ಎಷ್ಟು ಚಾ, ಎಷ್ಟು ಸಕ್ಕರೆ? ಸಂಜೆ ಹೋಟೆಲಿನಲ್ಲಿ ಗೋಳಿಬಜೆ ಇದೆಯಾ? ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆವರೆಗೆ ರಾತ್ರಿಯಿಡೀ ಆಟ (ಯಕ್ಷಗಾನ) ನೋಡುವ ಹುಚ್ಚಿದೆಯಾ? ಯಕ್ಷಗಾನ ಬಿಡಿ ಅಂತ ನಾನು ಹೇಳಲಾರೆ, ನನ್ನ ಅಪ್ಪನಿಗೇ ಹೇಳಲು ಆಗಲಿಲ್ಲ. ಆದರೆ ನಿದ್ದೆ ಕೆಟ್ಟರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಮೇಲೆ ನಡುರಾತ್ರಿಯ ಚಾ, ಚರುಮುರಿ ಬೇರೆ. ಮರುದಿನದ ಶುಗರ್ ನೋಡಿ ಪಾಪ, ಗಂಜಿಯನ್ನು ಬಯ್ಯುತ್ತೇವೆ. ರಾತ್ರಿ ಊಟ ಒಂಬತ್ತೂವರೆಯ ಬದಲು ಎಂಟಕ್ಕೆ ಮುಗಿಸಿ ಹದಿನೈದು ನಿಮಿಷ ಅಂಗಳದಲ್ಲೇ ನಡೆದರೆ, ಒಂದು ಸೌಟು ಗಂಜಿಯ ಮೇಲೆ ನಾನು ಜಗಳ ಮಾಡುವುದಿಲ್ಲ.

ನೀವು ಬರೆದ ಪತ್ರದಲ್ಲಿ ಒಂದು ಮಾತಿಲ್ಲ, ಅದನ್ನೂ ಕೇಳುತ್ತೇನೆ. ಅಡುಗೆ ಮಾಡುವುದು ನೀವೇ ತಾನೆ? ಅವರಿಗೆ ಬೇರೆ, ಮಕ್ಕಳಿಗೆ ಬೇರೆ, ಅತ್ತೆಗೆ ಬೇರೆ ಮಾಡುತ್ತಾ ಕೂತರೆ ತಿಂಗಳೊಳಗೆ ನೀವು ಹಾಸಿಗೆ ಹಿಡಿಯುತ್ತೀರಿ. ಒಂದೇ ಅಡುಗೆ ಮಾಡಿ, ಬಡಿಸುವ ಅಳತೆ ಮಾತ್ರ ಬೇರೆ ಇರಲಿ. ಮತ್ತೆ ನಿಮ್ಮ ಶುಗರ್ ಕೊನೆಗೆ ನೋಡಿಸಿದ್ದು ಯಾವಾಗ? ಅವರು ಉಳಿಸಿದ್ದನ್ನು "ಸುಮ್ನೆ ಯಾಕೆ ಹಾಳು" ಅಂತ ಬಟ್ಟಲಿಗೆ ಹಾಕಿಕೊಳ್ಳುವವರು ನೀವೇ ಅಲ್ವಾ?

ಯಾರ ಹತ್ತಿರ ಹೋಗುವುದು ಅನ್ನುವುದಕ್ಕೆ ಚಿಕ್ಕ ಪರೀಕ್ಷೆ ಹೇಳುತ್ತೇನೆ. ಆನ್‌ಲೈನಿನಲ್ಲಿ ಚಿಕ್ಕ ಕೋರ್ಸ್ ಮಾಡಿಯೂ ನ್ಯೂಟ್ರಿಷನಿಸ್ಟ್ ಅಂತ ಹಾಕಿಕೊಳ್ಳುವವರಿದ್ದಾರೆ. ಆಹಾರ ಮತ್ತು ಪೋಷಣೆಯಲ್ಲಿ ಡಿಗ್ರಿ ಉಂಟಾ, ರಿಜಿಸ್ಟರ್ಡ್ ಡಯಟಿಷಿಯನ್ ಹೌದಾ ಕೇಳಿ, ಕೇಳಲು ನಾಚಿಕೆ ಬೇಡ. ತಮ್ಮದೇ ಪೌಡರ್ ಡಬ್ಬಿ ಮಾರಿದರೆ ಎದ್ದು ಬನ್ನಿ. ಮಾತ್ರೆ ನಿಲ್ಲಿಸಿ ಅಂದರೆ ಚಪ್ಪಲಿ ಹಾಕುವ ಮೊದಲೇ ಬನ್ನಿ. ತೂಕ ಇಳಿದು ಕೆಲವರಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ಬರುವುದುಂಟು, ಆದರೆ ಅದನ್ನು ಇಳಿಸುವವರು ಡಾಕ್ಟರು.

ಗಂಜಿ ಕಡಿಮೆ ಮಾಡುವ ಮೊದಲೂ ಡಾಕ್ಟರಿಗೆ ಒಂದು ಮಾತು ಹೇಳಿ. ಗ್ಲಿಮೆಪಿರೈಡ್ ತರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಊಟ ಕಡಿಮೆಯಾದಾಗ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಶುಗರ್ ಇದ್ದವರಿಗೆ ಸಕ್ಕರೆಯಾ ಅಂತ ಆಗ ಅನುಮಾನಿಸಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಸೊಪ್ಪು, ಕಾಳುಗಳ ಲೆಕ್ಕವೇ ಬೇರೆ. ಅವರು ಮೇಲೆ ಬರೆದದ್ದನ್ನು ಹಾಗೆಯೇ ಅನುಸರಿಸುವುದು ಬೇಡ.

ಬರುವಾಗ ಬಟ್ಟಲು, ಸೌಟು, ಕುಡ್ತೆ, ರಿಪೋರ್ಟುಗಳು, ಮಾತ್ರೆಯ ಶೀಟುಗಳು ತನ್ನಿ. ಮೂರು ದಿನ ತಿಂದದ್ದನ್ನು, ತಿಂದ ಹೊತ್ತನ್ನು ಕ್ಯಾಲೆಂಡರಿನ ಹಿಂದೆ ಬರೆದರೂ ಸಾಕು. ಆ ಮೂರರಲ್ಲಿ ಒಂದು ದಿನ ಮದುವೆ ಊಟ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ನೀವೂ ಜೊತೆಗೆ ಬನ್ನಿ. ಅವರೊಬ್ಬರನ್ನೇ ಕಳಿಸಿದರೆ "ಎಲ್ಲ ಸರಿ ಉಂಟಂತೆ, ಗಂಜಿ ತಿನ್ನಬಹುದಂತೆ" ಅಂತ ಅರ್ಧ ಮಾತು ಮಾತ್ರ ಮನೆಗೆ ತಲುಪುತ್ತದೆ.