ವಕೀಲರು ಕಟಕಟೆ ಹತ್ತಿದಾಗ: ಫೀಸು, ವೃತ್ತಿನೀತಿ ಮತ್ತು ತಜ್ಞ ಸಾಕ್ಷ್ಯ

ವೃತ್ತಿನೀತಿಯ ಪರೀಕ್ಷೆಗೆ ಓದುವಾಗ ಬಾರ್ ಕೌನ್ಸಿಲ್ ನಿಯಮಗಳಲ್ಲಿ ಒಂದು ಮಾತನ್ನು ನಾವೆಲ್ಲ ಗುರುತು ಹಾಕಿಕೊಂಡಿರುತ್ತೇವೆ: ತಾನೇ ಸಾಕ್ಷಿ ನುಡಿಯಬೇಕಾಗಬಹುದು ಎಂದು ಗೊತ್ತಿದ್ದರೆ ವಕೀಲ ಆ ಪ್ರಕರಣದ ವಕಾಲತ್ತು ಹಿಡಿಯಬಾರದು (13ನೇ ನಿಯಮ). ಅಲ್ಲಿಗೆ ವಕೀಲ ಮತ್ತು ಸಾಕ್ಷಿಯ ನಂಟು ಮುಗಿಯಿತು ಎಂದುಕೊಂಡರೆ ಅಮೆರಿಕದ ಪ್ರಕರಣಗಳು ಗೊಂದಲ ಹುಟ್ಟಿಸುತ್ತವೆ. ಅಲ್ಲಿ ಒಬ್ಬ ವಕೀಲ ಇನ್ನೊಬ್ಬ ವಕೀಲನ ಬಿಲ್ಲು ಸರಿಯೇ, ನಡತೆ ಸರಿಯೇ ಎಂದು ಹೇಳುವುದಕ್ಕೇ, ಅದೂ ಸಂಭಾವನೆ ಪಡೆದು, ಕಟಕಟೆ ಹತ್ತುವುದು ಮಾಮೂಲು.

ಮೊದಲ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪೀಠದಲ್ಲಿ ಕೂತವರೂ ಕಾನೂನು ಓದಿದವರೇ. ಅವರಿಗೆ ಕಾನೂನು ಹೇಳಿಕೊಡಲು ಸಾಕ್ಷಿ ಬೇಕೇ? ಬೇಡ. ಕಾನೂನು ಏನೆಂದು ಹೇಳುವ ಅಧಿಕಾರ ಈ ಸಾಕ್ಷಿಗೆ ಇಲ್ಲ. ವಕೀಲರು ನಿಜದಲ್ಲಿ ಹೇಗೆ ಕೆಲಸ ಮಾಡುತ್ತಾರೆ, ಆ ಊರಿನಲ್ಲಿ ಎಷ್ಟು ದರ ನಡೆಯುತ್ತದೆ, ಎಚ್ಚರವುಳ್ಳ ವಕೀಲ ಏನನ್ನು ಪರಿಶೀಲಿಸದೆ ಬಿಡುವುದಿಲ್ಲ ಎಂಬುದಷ್ಟೇ ಆತ ಹೇಳಬೇಕಾದದ್ದು. ಈ ವ್ಯತ್ಯಾಸ ಹಿಡಿತಕ್ಕೆ ಬಂದರೆ ಉಳಿದದ್ದು ಸುಲಭ.

ಫೀಸಿನ ಜಗಳ ಕೋರ್ಟಿಗೆ ಬರುವ ದಾರಿ

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಸೋತವರು ಖರ್ಚು ಕೊಡಬೇಕು. ಅಮೆರಿಕದಲ್ಲಿ ತದ್ವಿರುದ್ಧ: ಗೆದ್ದರೂ ಸೋತರೂ ಅವರವರ ವಕೀಲರ ಫೀಸು ಅವರವರದೇ. 1796ರ ಆರ್ಕಾಂಬೆಲ್ ವಿರುದ್ಧ ವೈಸ್‌ಮನ್ ತೀರ್ಪಿನಿಂದಲೂ ಈ ಪದ್ಧತಿ ಇದೆ. ಶಾಸನದ ಬಲವಿಲ್ಲದೆ ಕೋರ್ಟುಗಳು ತಾವಾಗಿಯೇ ಇದಕ್ಕೆ ವಿನಾಯಿತಿ ಹುಟ್ಟಿಸಿಕೊಳ್ಳುವಂತಿಲ್ಲ ಎಂದು 1975ರ ಅಲಿಯೆಸ್ಕಾ ಪೈಪ್‌ಲೈನ್ ತೀರ್ಪು ಹೇಳಿತು. ಮರುವರ್ಷವೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ನಾಗರಿಕ ಹಕ್ಕುಗಳ ಪ್ರಕರಣಗಳಿಗಾಗಿ ಕಾಯ್ದೆ ಮಾಡಿ, ಗೆದ್ದವರಿಗೆ ಎದುರಾಳಿಯಿಂದ 'ಸಮಂಜಸ' ಫೀಸು ಕೊಡಿಸುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟಿತು. ಸಮಂಜಸ ಎಂದರೆ ಎಷ್ಟು? ಅಲ್ಲಿಂದ ಶುರುವಾಯಿತು ತಜ್ಞರ ಕೆಲಸ.

1983ರ ಹೆನ್ಸ್‌ಲಿ ವಿರುದ್ಧ ಎಕರ್‌ಹಾರ್ಟ್ ಇಲ್ಲಿ ಓದಲೇಬೇಕಾದ ತೀರ್ಪು. ಮಿಸ್ಸೂರಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದರ ರೋಗಿಗಳು ಅಲ್ಲಿನ ಸ್ಥಿತಿಗತಿಯ ವಿರುದ್ಧ ದಾವೆ ಹೂಡಿ, ಆರು ವಿಷಯಗಳಲ್ಲಿ ಐದರಲ್ಲಿ ಗೆದ್ದಿದ್ದರು. ಕೆಳ ಕೋರ್ಟು ಸುಮಾರು 1,33,000 ಡಾಲರ್ ಫೀಸು ಕೊಡಿಸಿತ್ತು. ಸುಪ್ರೀಂ ಕೋರ್ಟು ಸೂತ್ರವೊಂದನ್ನು ಗಟ್ಟಿಮಾಡಿತು: ಸಮಂಜಸವಾಗಿ ದುಡಿದ ಗಂಟೆಗಳು, ಗುಣಿಸು, ಸಮಂಜಸ ದರ. ಸೋತ ಬೇಡಿಕೆ ಗೆದ್ದದ್ದಕ್ಕೆ ಸಂಬಂಧಿಸಿರದಿದ್ದರೆ ಅದಕ್ಕೆ ಹಾಕಿದ ಗಂಟೆ ಲೆಕ್ಕಕ್ಕಿಲ್ಲ. ಫೀಸಿನ ಅರ್ಜಿಯೇ ಎರಡನೇ ದೊಡ್ಡ ದಾವೆಯಾಗಬಾರದು ಎಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ. ಆ ಎಚ್ಚರಿಕೆಯನ್ನು ವಕೀಲ ಲೋಕ ಎಷ್ಟು ಪಾಲಿಸಿತು ಎಂಬುದನ್ನು, ನಂತರ ಬಂದ ಫೀಸು ತೀರ್ಪುಗಳ ರಾಶಿ ನೋಡಿ ನೀವೇ ಊಹಿಸಿ.

ಮುಂದಿನ ವರ್ಷದ ಬ್ಲಮ್ ವಿರುದ್ಧ ಸ್ಟೆನ್ಸನ್ ತೀರ್ಪಿನಲ್ಲಿ ಒಂದು ಅಡಿಟಿಪ್ಪಣಿ ಇದೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಬೇರು ಅದೇ. ಕೇಳಿದ ದರ ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ದರಕ್ಕೆ ಹೊಂದುತ್ತದೆ ಎಂದು ತೋರಿಸುವ ಹೊಣೆ ಫೀಸು ಕೇಳುವವರದು. ಅದಕ್ಕೆ ಅವರ ಸ್ವಂತ ಪ್ರಮಾಣಪತ್ರವೊಂದೇ (ಅಫಿಡವಿಟ್) ಸಾಲದು, ಅದರ ಜೊತೆಗೆ ಬೇರೆ ಸಾಕ್ಷ್ಯವೂ ಬೇಕು. 'ನನ್ನ ದರ ನ್ಯಾಯವಾದದ್ದು' ಎಂದು ನಾನೇ ಹೇಳಿಕೊಂಡರೆ ಆಗದು, ಹೊರಗಿನವರು ಹೇಳಬೇಕು. ಅದೇ ಊರಿನ ಬೇರೊಬ್ಬ ವಕೀಲ ಕಟಕಟೆಗೋ ಪ್ರಮಾಣಪತ್ರಕ್ಕೋ ಬರುವುದು ಈ ಕಾರಣಕ್ಕೆ.

ಲೆಕ್ಕ ಹೇಗೆ ನಡೆಯುತ್ತದೆ ಎಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ವಾದಿಯ ವಕೀಲರು 600 ಗಂಟೆಗೆ 500 ಡಾಲರಿನಂತೆ 3,00,000 ಡಾಲರ್ ಕೇಳಿದ್ದಾರೆ. ಎದುರು ಪಕ್ಷದ ತಜ್ಞೆ ದಿನಚರಿಯ ಹಾಳೆಗಳನ್ನೆಲ್ಲ ತಿರುವಿ ಮೂರು ತಕರಾರು ಎತ್ತುತ್ತಾರೆ. 80 ಗಂಟೆ ಪೂರ್ತಿ ಬೇರೆಯದಾದ, ಸೋತುಹೋದ ಬೇಡಿಕೆಯದು. 40 ಗಂಟೆ ದಾಖಲೆಗಳನ್ನು ವಿಂಗಡಿಸಿ ಪಟ್ಟಿ ಮಾಡಿದ್ದು. ಅದು ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕರು ಮಾಡುವ ಕೆಲಸ, 150 ಡಾಲರಿಗಿಂತ ಹೆಚ್ಚು ಬಾಳುವುದಿಲ್ಲ. ಉಳಿದ ಗಂಟೆಗಳಿಗೂ ಅಷ್ಟೇ ಅನುಭವದ ವಕೀಲರು ಆ ಊರಿನಲ್ಲಿ ತೆಗೆದುಕೊಳ್ಳುವುದು 425. ಹಾಗಾದರೆ 480 ಗಂಟೆಗೆ 2,04,000, ಜೊತೆಗೆ 40 ಗಂಟೆಗೆ 6,000, ಒಟ್ಟು 2,10,000 ಡಾಲರ್. ಮೂರೂ ತಕರಾರುಗಳಲ್ಲಿ ಶುದ್ಧ ಕಾನೂನಿನ ಪ್ರಶ್ನೆ ಯಾವುದೂ ಇಲ್ಲ, ಗಮನಿಸಿ. ಎಲ್ಲವೂ ಕಸುಬಿನ ಒಳಗಿನ ತಿಳಿವಳಿಕೆ.

ಇಷ್ಟಾದರೂ ಜಡ್ಜ್ ಈ ಮಾತಿಗೆ ಕಟ್ಟುಬಿದ್ದವರಲ್ಲ. ಫೀಸಿನ ವಿಷಯದಲ್ಲಿ ಕೋರ್ಟೇ ಸ್ವತಃ ತಜ್ಞ ಎಂದು ಐದನೇ ಸರ್ಕೀಟಿನ (ಫೆಡರಲ್ ಮೇಲ್ಮನವಿಗಳ ಪ್ರಾದೇಶಿಕ ವಿಭಾಗ) ಮೇಲ್ಮನವಿ ಕೋರ್ಟು 1940ರಲ್ಲೇ ಹೇಳಿದೆ. 2011ರ ಫಾಕ್ಸ್ ವಿರುದ್ಧ ವೈಸ್ ತೀರ್ಪಿನ ನಿಲುವೂ ಇಂಥದ್ದೇ: ಲೆಕ್ಕಪರಿಶೋಧಕರ ಕರಾರುವಾಕ್ಕುತನ ಬೇಕಿಲ್ಲ, ಒರಟಾಗಿಯಾದರೂ ನ್ಯಾಯ ದಕ್ಕಿದರೆ ಸಾಕು.

ನಡತೆಯ ಬಗ್ಗೆ ಸಾಕ್ಷ್ಯ: ಗೆರೆ ಎಲ್ಲಿದೆ?

ಕಕ್ಷಿದಾರ ತನ್ನ ಹಳೆಯ ವಕೀಲನ ಮೇಲೆ ನಿರ್ಲಕ್ಷ್ಯದ ದಾವೆ ಹೂಡಿದರೆ, ಎಚ್ಚರವುಳ್ಳ ವಕೀಲ ಏನು ಮಾಡುತ್ತಿದ್ದ ಎಂಬುದನ್ನು ಸಾಮಾನ್ಯವಾಗಿ ತಜ್ಞರಿಂದಲೇ ಸಾಬೀತುಪಡಿಸಬೇಕು. ಕಾಲಮಿತಿ ಮೀರಿ ದಾವೆ ಹಾಕಿದಂಥ, ಯಾರ ಕಣ್ಣಿಗೂ ರಾಚುವ ತಪ್ಪಿಗೆ ಮಾತ್ರ ಅನೇಕ ರಾಜ್ಯಗಳು ವಿನಾಯಿತಿ ಕೊಡುತ್ತವೆ. ಅಮೆರಿಕನ್ ಬಾರ್ ಅಸೋಸಿಯೇಷನ್ 1983ರಲ್ಲಿ ಅಂಗೀಕರಿಸಿದ, ವಕೀಲರ ವೃತ್ತಿ ನಡತೆಯ ಮಾದರಿ ನಿಯಮಗಳ ಪೀಠಿಕಾ ಭಾಗ ಇಲ್ಲಿ ಮುಖ್ಯ. ನಿಯಮ ಮುರಿದ ಮಾತ್ರಕ್ಕೆ ದಾವೆಯ ಹಕ್ಕು ಹುಟ್ಟುವುದಿಲ್ಲ; ಆದರೆ ನಡತೆಯ ಮಟ್ಟ ತಪ್ಪಿದೆ ಎಂಬುದಕ್ಕೆ ಅದು ಪುರಾವೆಯಾಗಬಹುದು. ತಜ್ಞರು ನಿಯಮಗಳನ್ನು ಕೈಯಲ್ಲಿ ಹಿಡಿದು ಮಾತಾಡುವುದು ಈ ಸಣ್ಣ ಸಂದಿಯಲ್ಲಿ.

ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ 1977ರ ಮಾರ್ಕ್ಸ್ ವಿರುದ್ಧ ಡೈನರ್ಸ್ ಕ್ಲಬ್ ಪ್ರಕರಣ ನೋಡಿ. ಷೇರು ಕಾನೂನಿನಲ್ಲಿ ಪಳಗಿದ ವಕೀಲರೊಬ್ಬರು ಆ ರಂಗದ ರೂಢಿ ಹೇಳಲು ಬಂದು, ಒಪ್ಪಂದದ ಕಾನೂನು ಅರ್ಥವೇನು, ಪ್ರತಿವಾದಿಯ ಹೊಣೆಯೇನು ಎಂಬುದನ್ನೂ ಹೇಳಿದರು. ನ್ಯೂಯಾರ್ಕಿನ ಎರಡನೇ ಸರ್ಕೀಟ್ ಒಪ್ಪಲಿಲ್ಲ: ಜ್ಯೂರಿಗೆ ಕಾನೂನು ವಿವರಿಸುವುದು ಜಡ್ಜ್ ಕೆಲಸ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 704ರಂತೆ ತಜ್ಞರು ಪ್ರಕರಣದ ಕೊನೆಯ ಪ್ರಶ್ನೆಯನ್ನೂ ಮುಟ್ಟಬಹುದು, ನಿಜ. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ. ಆ ನಿಯಮ ಕಾನೂನು ತೀರ್ಮಾನಕ್ಕೆ ರಹದಾರಿ ಅಲ್ಲ. 'ಇಂಥ ಖರೀದಿಯಲ್ಲಿ ಆಸ್ತಿಯ ಮೇಲಿನ ಸಾಲ ಹುಡುಕದೆ ಯಾವ ವಕೀಲರೂ ಸಹಿ ಹಾಕಿಸುವುದಿಲ್ಲ, ಇವರು ಹುಡುಕಿಲ್ಲ' ಎನ್ನುವುದು ನಡೆಯುತ್ತದೆ. 'ಇವರು ಕಾನೂನುಬದ್ಧ ಹೊಣೆಗಾರರು' ಎನ್ನುವುದು ನಡೆಯುವುದಿಲ್ಲ.

ಸಾಕ್ಷಿಗೂ ನೀತಿ ಇದೆ

ನೀತಿ ಹೇಳಲು ಬಂದವರನ್ನೇ ಪಾಟೀಸವಾಲಿನಲ್ಲಿ ನೀತಿಯಿಂದ ಹಿಡಿಯುವುದು ವಕೀಲರಿಗೆ ಹಬ್ಬ. ದಾವೆ ಗೆದ್ದರೆ ಮಾತ್ರ ಸಂಭಾವನೆ ಎಂಬ ಕರಾರು ತಜ್ಞ ಸಾಕ್ಷಿಗೆ ಸಲ್ಲದು. ಫೆಡರಲ್ ಕೋರ್ಟಿನಲ್ಲಿ ಬಾಡಿಗೆ ತಜ್ಞರು ಲಿಖಿತ ವರದಿಯೊಂದಿಗೆ ಹಿಂದಿನ 10 ವರ್ಷಗಳ ಬರಹಗಳನ್ನು, 4 ವರ್ಷಗಳಲ್ಲಿ ಸಾಕ್ಷ್ಯ ಕೊಟ್ಟ ಪ್ರಕರಣಗಳನ್ನು, ಸಂಭಾವನೆಯನ್ನು ಬಯಲು ಮಾಡಬೇಕು. ಯಾವತ್ತೋ ಲೇಖನದಲ್ಲಿ 400 ಡಾಲರ್ ವಿಪರೀತ ಎಂದು ಬರೆದು, ಇಂದು 500 ಸಮಂಜಸ ಎಂದರೆ ಸಿಕ್ಕಿಬಿದ್ದಂತೆಯೇ.

ಇನ್ನೊಂದು ಸೂಕ್ಷ್ಮ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 1997ರ 97-407ನೇ ಅಭಿಪ್ರಾಯದ ಪ್ರಕಾರ ಕಟಕಟೆಯಲ್ಲಿ ನುಡಿಯುವ ತಜ್ಞ ವಕೀಲನಿಗೂ ಕರೆಸಿದ ಪಕ್ಷಕ್ಕೂ ವಕೀಲ–ಕಕ್ಷಿದಾರ ಸಂಬಂಧ ಇರುವುದಿಲ್ಲ; ಆತ ಆ ಪಕ್ಷದ ಪರ ವಾದಿಸುವವನಲ್ಲ. ಅದೇ ವ್ಯಕ್ತಿ ತೆರೆಮರೆಯಲ್ಲಿ ತಂತ್ರ ಹೇಳಿಕೊಡತೊಡಗಿದರೆ ಸಂಬಂಧ ಹುಟ್ಟುತ್ತದೆ, ಗೌಪ್ಯತೆ, ಹಿತಾಸಕ್ತಿ ಸಂಘರ್ಷದ ನಿಯಮಗಳೆಲ್ಲ ಬೆನ್ನಿಗೆ ಬೀಳುತ್ತವೆ. ಪ್ರಕರಣ ನಡೆಸಿದ ವಕೀಲನೇ ಸಾಕ್ಷಿಯಾಗಬಾರದೆಂಬ ಮಾದರಿ ನಿಯಮ 3.7ಕ್ಕೂ ಒಂದು ವಿನಾಯಿತಿ ಇದೆ: ಆ ಪ್ರಕರಣದಲ್ಲಿ ತಾನು ಮಾಡಿದ ಕೆಲಸದ ಸ್ವರೂಪ, ಮೌಲ್ಯ ಹೇಳಬಹುದು.

ನಮ್ಮಲ್ಲಿ ಯಾಕೆ ಕಾಣುವುದಿಲ್ಲ?

ಹಿಂದಿನ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು, ವಿದೇಶಿ ಕಾನೂನಿನ ಬಗ್ಗೆ ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಡುತ್ತದೆ. ನಮ್ಮ ಕಾನೂನು ಜಡ್ಜ್ ತಿಳಿದಿರಬೇಕಾದದ್ದು. ಗಂಟೆಯ ದರಕ್ಕಿಂತ ನಿಯಮಗಳ ಪಟ್ಟಿಯೇ ನಮ್ಮ ಕೋರ್ಟು ಖರ್ಚನ್ನು ಹೆಚ್ಚಾಗಿ ನಿರ್ಧರಿಸುವುದರಿಂದ ದರ ಹೇಳುವ ಸಾಕ್ಷಿಗೆ ಕೆಲಸ ಕಡಿಮೆ. ಗೆದ್ದ ಮೊತ್ತದಲ್ಲಿ ಪಾಲು ಕೇಳುವುದಂತೂ ಬಾರ್ ಕೌನ್ಸಿಲಿನ 20ನೇ ನಿಯಮದಂತೆ ನಿಷಿದ್ಧ. ಪರಿಹಾರದ ಮೊತ್ತದ ಶೇಕಡಾವಾರು ಫೀಸಿಗಾಗಿ ವಕೀಲರೊಬ್ಬರು ಕಕ್ಷಿದಾರಳ ಚೆಕ್ಕನ್ನು ಹಿಡಿದು ಕೇಸು ಹಾಕಿದ್ದನ್ನು ಸುಪ್ರೀಂ ಕೋರ್ಟು 2017ರ ಬಿ. ಸುನೀತಾ ಪ್ರಕರಣದಲ್ಲಿ ರದ್ದುಮಾಡಿತು.

ನಡತೆಯ ಕಡೆ ಕಾರಣ ಬೇರೆ. ವಕೀಲರ ಅಧಿನಿಯಮ 1961ರ ಶಿಸ್ತು ಸಮಿತಿಯಲ್ಲಿ ಕೂರುವವರು ವಕೀಲರೇ. ತಜ್ಞ ಕಟಕಟೆಯಲ್ಲಿ ನಿಲ್ಲುವ ಬದಲು ಪೀಠದಲ್ಲೇ ಕೂತಿದ್ದಾರೆ. ಹೊರಗಿನವರು ತೀರ್ಮಾನಿಸುವ ಗ್ರಾಹಕ ವೇದಿಕೆಗಳಲ್ಲಿ ಇಂಥ ಸಾಕ್ಷ್ಯ ಬೆಳೆಯಬಹುದಿತ್ತೋ ಏನೋ, 2024ರ ಮೇ ತಿಂಗಳ ಡಿ.ಕೆ. ಗಾಂಧಿ ತೀರ್ಪು ವಕೀಲರ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಹೊರಗಿಟ್ಟಿತು. ನಿರ್ಲಕ್ಷ್ಯಕ್ಕೆ ಸಿವಿಲ್ ದಾವೆಯ ದಾರಿ ಮಾತ್ರ ತೆರೆದೇ ಇದೆ.

ದಿಕ್ಕು ತಿರುಗಿಸಿದರೆ ಚಿತ್ರವೂ ಬದಲಾಗುತ್ತದೆ. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಭಾರತದ ಕಾನೂನು ವಿದೇಶಿ ಕಾನೂನು. ಅಲ್ಲಿನ ಸಿವಿಲ್ ನಿಯಮ 44.1ರಂತೆ ಅದು ಕೋರ್ಟು ತೀರ್ಮಾನಿಸುವ ಕಾನೂನಿನ ಪ್ರಶ್ನೆಯೇ ಆದರೂ ಜಡ್ಜ್ ಯಾವ ಆಧಾರವನ್ನಾದರೂ ನೋಡಬಹುದು, ತಜ್ಞರ ಮಾತನ್ನೂ ಕೇಳಬಹುದು. ಕರಾರು ಕಾಯ್ದೆ 1872ರ ಒಂದು ಕಲಮಿನ ಅರ್ಥವನ್ನು ತಜ್ಞರಾಗಿ ಹೇಳಲು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಅವಕಾಶವಿಲ್ಲದ ವಕೀಲರು, ಅದನ್ನೇ ಪ್ರಮಾಣಪತ್ರದಲ್ಲಿ ಬರೆದು ನ್ಯೂಯಾರ್ಕಿನ ಕೋರ್ಟಿಗೆ ಸಲ್ಲಿಸಬಹುದು.