ಒಪ್ಪಿಕೊಂಡವನ ಗಾಯಕ್ಕೆ ಹೊಣೆ ಯಾರು?

ಅಮೆರಿಕನ್ ಫುಟ್‌ಬಾಲ್ ಆಟಗಾರರ ತಲೆಗೆ ಬೀಳುವ ಪೆಟ್ಟಿನ ಚರ್ಚೆ ಎದ್ದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: ಅಪಾಯ ಗೊತ್ತಿದ್ದೇ ಸಹಿ ಹಾಕಿದರು, ಹಣ ಪಡೆದರು, ಇನ್ನು ದೂರು ಎಲ್ಲಿಯದು? ಈ ಮಾತಿಗೆ ಯಹೂದಿ ಧರ್ಮಶಾಸ್ತ್ರ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ.

ಮೊದಲ ತಕರಾರು ಎದ್ದದ್ದು ಜನರ ಮೋಜಿಗಾಗಿ ಕತ್ತಿಮಲ್ಲರು ಕಾದಾಡುತ್ತಿದ್ದ ರೋಮನ್ನರ ಅಖಾಡದ ಬಗ್ಗೆ. ಅಲ್ಲಿ ಕುಳಿತು ನೋಡುವವನೂ ರಕ್ತ ಹರಿಸಿದವನೇ ಎಂದರು ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು. ರಬ್ಬಿ ನಾಥನ್ ಮಾತ್ರ ಹೋಗಬಹುದೆಂದರು: ನೋಡುಗನು ಕೂಗು ಹಾಕಿ, ಸೋತವನ ಜೀವ ಉಳಿಸಬಹುದು, ಸತ್ತರೆ ಸಾಕ್ಷಿ ನುಡಿದು ಅವನ ಹೆಂಡತಿಯ ಮರುಮದುವೆಗೆ ದಾರಿ ಮಾಡಬಹುದು.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ, ಯಹೂದಿ ಕಾನೂನುಗಳ ಸಂಗ್ರಹವಾದ ಮಿಷ್ನಾದಲ್ಲಿ ಒಂದು ಮೊಕದ್ದಮೆಯಿದೆ. ಬೀದಿಯಲ್ಲಿ ಒಬ್ಬಾಕೆಯ ತಲೆಯ ಮುಸುಕನ್ನು ಒಬ್ಬ ಎಳೆದುಹಾಕಿದ. ಆಕೆಯ ಮಾನ ಕಳೆದದ್ದಕ್ಕೆ ರಬ್ಬಿ ಅಕಿವಾ 400 ಝುಝ್ (ಬೆಳ್ಳಿ ನಾಣ್ಯ) ದಂಡ ವಿಧಿಸಿದರು. ಆತ ಗಡುವು ಕೇಳಿ ಪಡೆದು, ಆಕೆ ಅಂಗಳದ ಬಾಗಿಲಲ್ಲಿ ನಿಂತಿದ್ದಾಗ ಚಿಲ್ಲರೆ ಕಾಸಿನಷ್ಟು ಎಣ್ಣೆಯಿದ್ದ ಕುಡಿಕೆಯನ್ನು ಎದುರಿಗೇ ಒಡೆದ. ಆಕೆ ತಾನೇ ಮುಸುಕು ತೆಗೆದು, ಚೆಲ್ಲಿದ ಎಣ್ಣೆಯನ್ನು ಅಂಗೈಯಲ್ಲಿ ಬಳಿದು ತಲೆಗೆ ಸವರಿಕೊಂಡಳು. ಸಾಕ್ಷಿಗಳನ್ನು ಕರೆತಂದ ಆತ, ಇಂಥವಳಿಗೆ 400 ಝುಝ್ ಕೊಡಬೇಕೇ ಎಂದ. ಅಕಿವಾ ಕದಲಲಿಲ್ಲ. ಅವರ ತೀರ್ಪು ಇದು: ತನಗೆ ತಾನೇ ಗಾಯ ಮಾಡಿಕೊಳ್ಳುವುದು ಸಲ್ಲದು, ಆದರೆ ಮಾಡಿಕೊಂಡವನಿಗೆ ದಂಡವಿಲ್ಲ. ಅವನಿಗೆ ಗಾಯ ಮಾಡಿದ ಬೇರೆಯವರಿಗೆ ಉಂಟು. ಅದರ ಬೆನ್ನಿಗೇ ಇನ್ನೊಂದು ವಿಧಿ: ‘ನನ್ನ ಕಾಲು ಮುರಿ, ನಿನ್ನ ಮೇಲೆ ಹೊಣೆಯಿಲ್ಲ’ ಎಂದು ಹೇಳಿಸಿಕೊಂಡು ಮುರಿದವನೂ ಹೊಣೆಗಾರನೇ. ಬಡವರ ಮಾನಕ್ಕೆ ಬೆಲೆ ಕಡಿಮೆಯೆಂಬ ವಾದವನ್ನೂ ಅಕಿವಾ ಒಪ್ಪಲಿಲ್ಲ. ಆಸ್ತಿ ಕಳೆದುಕೊಂಡ ಸ್ವತಂತ್ರ ಕುಲೀನರಂತೆಯೇ ಅವರನ್ನೂ ಕಾಣಬೇಕು ಎಂದರು.

ಆಮೇಲಿನ ಶತಮಾನಗಳು ಹೊಟ್ಟೆಪಾಡಿನ ಕಡೆಗೆ ವಾಲಿದವು. ಕೂಲಿಗಾಗಿ ಮರ ಹತ್ತುವವನು ಜೀವ ಪಣಕ್ಕಿಡುತ್ತಾನೆಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ಟಾಲ್ಮುಡ್ ಬಲ್ಲದು. 18ನೇ ಶತಮಾನದ ಪ್ರಾಗ್‌ನಲ್ಲಿ ರಬ್ಬಿ ಯೆಹೆಜ್ಕೆಲ್ ಲಾಂಡೌ ಮೋಜಿನ ಬೇಟೆ ಕೂಡದು, ಜೀವನೋಪಾಯಕ್ಕಾದರೆ ಸರಿ ಎಂದರು. ನ್ಯೂಯಾರ್ಕಿನಲ್ಲಿ ರಬ್ಬಿ ಮೋಶೆ ಫೈನ್‌ಸ್ಟೈನ್, ಅಪಾಯ ವಿರಳವಾಗಿದ್ದರೆ ಚೆಂಡಾಟವನ್ನು ವೃತ್ತಿಯಾಗಿಸಿಕೊಳ್ಳಬಹುದೆಂದರು.

ಅಮೆರಿಕನ್ ಫುಟ್‌ಬಾಲಿನಲ್ಲಿ ಅಪಾಯ ವಿರಳವಲ್ಲ ಎಂಬುದು ಗೊತ್ತಾದದ್ದು ತಡವಾಗಿ. 2002ರಲ್ಲಿ ಪಿಟ್ಸ್‌ಬರ್ಗ್ ತಂಡದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ 50ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಿದುಳಿನಲ್ಲಿ ಶವಪರೀಕ್ಷೆ ನಡೆಸಿದ ಡಾ. ಬೆನೆಟ್ ಒಮಾಲು ಕಂಡ ಹಾನಿ 2005ರಲ್ಲಿ ಪ್ರಕಟವಾಯಿತು. 2013ರ ಹೊತ್ತಿಗೆ ಪಂದ್ಯಗಳನ್ನು ನಡೆಸುವ ಲೀಗಿನ ಮೇಲೆ ಮೊಕದ್ದಮೆ ಹೂಡಿದ ಮಾಜಿ ಆಟಗಾರರು 4,500ಕ್ಕೂ ಹೆಚ್ಚು. ಪರಿಹಾರವೇನೋ ಬಂತು. ಆದರೆ ನಷ್ಟ ಅಳೆಯುವಾಗ ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲೇ ಕಡಿಮೆ ಇತ್ತೆಂದು ಎಣಿಸುವ ಸೂತ್ರ ಬಳಕೆಯಲ್ಲಿತ್ತು. ಅಕಿವಾ ತಳ್ಳಿಹಾಕಿದ್ದು ಇಂಥ ಲೆಕ್ಕವನ್ನೇ. 2021ರಲ್ಲಿ ಅದನ್ನು ಕೈಬಿಡಲು ಒಪ್ಪಲಾಯಿತು. ಹಳೆಯ ಅರ್ಜಿಗಳ ಬುದ್ಧಿಪರೀಕ್ಷೆಯ ಅಂಕಗಳನ್ನು ಮತ್ತೆ ಎಣಿಸಬೇಕಾಯಿತು.