ಸ್ಪೆಲ್ಲಿಂಗ್: ಯಾವುದು ತಪ್ಪು, ಯಾವುದು ಬರೀ ಜಗಳ?

ಇಂಗ್ಲಿಷ್ ವರದಿ, ಪ್ರಬಂಧಗಳನ್ನು ತಿದ್ದುವುದು ನನ್ನ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿದವರ ಬರಹಗಳೇ ನನ್ನ ಬಳಿ ಜಾಸ್ತಿ ಬರುತ್ತವೆ. ಅವರ ಸ್ಪೆಲ್ಲಿಂಗ್ ತಪ್ಪಿದರೆ ಜನ ಅಸಡ್ಡೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನು ಹೆಚ್ಚುಕಡಿಮೆ ಹಾಗೇ ಬರೆಯಬಹುದು. ಅದೇ ನಂಬಿಕೆಯಲ್ಲಿ ಇಂಗ್ಲಿಷನ್ನೂ ಬರೆಯುತ್ತಾರೆ.

ಕ್ಯಾಲೆಂಡರ್, ಡಾಕ್ಟರ್, ಟೀಚರ್ ಮೂರನ್ನೂ ನಾವು ಒಂದೇ ಥರ ಮುಗಿಸುತ್ತೇವೆ. ಬರೆಯುವಾಗ ಮೊದಲನೆಯದಕ್ಕೆ ಎ-ಆರ್, ಎರಡನೆಯದಕ್ಕೆ ಓ-ಆರ್, ಮೂರನೆಯದಕ್ಕೆ ಇ-ಆರ್. ಇಂಗ್ಲಿಷಿನವರು ಒತ್ತು ಬೀಳದ ಸ್ವರವನ್ನು ನುಂಗಿಬಿಡುತ್ತಾರೆ. ಹಾಗಾಗಿ ಇಂಗ್ಲಿಷ್ ಮನೆಮಾತಾಗಿರುವವರೂ ಸಪರೇಟ್ ಬರೆಯುವಾಗ ಪಿ ಆದಮೇಲೆ ಎ ಬಿಟ್ಟು ಇ ಹಾಕುವುದುಂಟು.

ಇದಕ್ಕೆ ನಾನು ಹೇಳಿಕೊಡುವ ಉಪಾಯ, ಆ ಪದದ ನಂಟರನ್ನು ಹುಡುಕುವುದು. ಗ್ರಾಮರ್‌ನಲ್ಲಿ ಅಡಗಿದ ಎ, ಗ್ರಮ್ಯಾಟಿಕಲ್ ಅಂದಾಗ ಕೇಳಿಸುತ್ತದೆ. ಡೆಫಿನೆಟ್ಲಿಯೊಳಗೆ ಫೈನೈಟ್ ಕೂತಿದೆ, ಅದನ್ನು ಕಂಡರೆ ನಡುವೆ ಎ ಹಾಕುವುದಿಲ್ಲ. ಕೆಲವು ಕಡೆ ಮಾತ್ರ ಹುಷಾರಾಗಿರಿ. ಪ್ರೊನೌನ್ಸ್‌ನಲ್ಲಿ ಎನ್ ನಂತರ ಓ-ಯು ಇದೆ, ಪ್ರನನ್ಸಿಯೇಷನ್‌ನಲ್ಲಿ ಆ ಜಾಗದಲ್ಲಿ ಯು ಒಂದೇ. ಮೇಂಟೇನ್ ಕೊನೆಗೆ ಎ-ಐ-ಎನ್, ಮೇಂಟೆನೆನ್ಸ್‌ನಲ್ಲಿ ಟಿ ಆದಮೇಲೆ ಇ.

ಜೋಡಿ ಅಕ್ಷರಗಳ ಕಾಟ ಬೇರೆ. ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ನಮ್ಮ ಕಿವಿಗೆ ಸ್ಪಷ್ಟ. ಇಂಗ್ಲಿಷಿನಲ್ಲಿ ಜೋಡಿ ಬಂದರೂ ಸಾಮಾನ್ಯವಾಗಿ ಒಂದೇ ಕೇಳಿಸುತ್ತದೆ. ಅಕಾಮಡೇಷನ್‌ಗೆ ಎರಡು ಸಿ, ಎರಡು ಎಂ ಬೇಕು. ಲಾಡ್ಜ್ ಬೋರ್ಡುಗಳಲ್ಲಿ ಒಂದು ಎಂ ಬಿಟ್ಟುಹೋಗಿರುವುದನ್ನು ನೀವೂ ನೋಡಿರುತ್ತೀರಿ. ರೆಫರ್ ಪದದಲ್ಲಿ ಒತ್ತು ಕೊನೆಗೆ ಬೀಳುತ್ತದೆ, ಅದಕ್ಕೇ ಇ-ಡಿ ಸೇರಿದಾಗ ಆರ್ ಎರಡಾಗುತ್ತದೆ. ಆಫರ್‌ನಲ್ಲಿ ಒತ್ತು ಮೊದಲಿಗೆ, ಅಲ್ಲಿ ಆರ್ ಒಂದೇ.

ಇಷ್ಟೆಲ್ಲ ಗೊಂದಲಕ್ಕೆ ಕಾರಣ ಹಳೆಯದು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಯಂತ್ರ ಹೂಡಿದ. ಮುದ್ರಣ ಹರಡಿದಂತೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ನೈಟ್ ಎಂಬ ಕುದುರೆಸವಾರ ವೀರನ ಹೆಸರಿನ ಕೆ ಒಂದು ಕಾಲಕ್ಕೆ ಕೇಳಿಸುತ್ತಿತ್ತು. ಸಾಲ ಎಂಬರ್ಥದ ಡೆಟ್ ಕಥೆಯೇ ಬೇರೆ. ಲ್ಯಾಟಿನ್ ಮೂಲ ತೋರಿಸಲೆಂದು ಪಂಡಿತರು ಅದರೊಳಗೆ ಬಿ ತುರುಕಿದರು.

ಇವೆಲ್ಲ ತಪ್ಪು-ಸರಿಯ ಮಾತು. ಎರಡೂ ಸರಿಯಿದ್ದಾಗ ನಡೆಯುವ ಜಗಳ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಕಲರ್‌ನಲ್ಲಿ ಯು ಬಿಡುವುದು, ಸೆಂಟರನ್ನು ಇ-ಆರ್‌ನಿಂದ ಮುಗಿಸುವುದು ಅಮೆರಿಕದಲ್ಲಿ ನೆಲೆಯಾಗಲು ನೋವಾ ವೆಬ್‌ಸ್ಟರ್ ಮುಖ್ಯ ಕಾರಣ. ಅವನ ದೊಡ್ಡ ನಿಘಂಟು ಬಂದದ್ದು 1828ರಲ್ಲಿ. ಅದೇ ನೆಪದಲ್ಲಿ ಆರ್ಗನೈಸ್‌ಗೆ ಜೆಡ್ ಹಾಕಿದರೂ 'ಇದು ಅಮೆರಿಕನ್' ಅಂತ ಕೆಂಪು ಗೆರೆ ಎಳೆಯುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೂಡ ಜೆಡ್ ರೂಪವನ್ನೇ ಮುಂದಿಡುತ್ತದೆ, ಕೊನೆಯ ಐ-ಜೆಡ್-ಇ ಪ್ರತ್ಯಯ ಗ್ರೀಕಿನಿಂದ ಬಂದದ್ದು ಅಂತ. ಸರ್‌ಪ್ರೈಸ್, ಎಕ್ಸರ್‌ಸೈಸ್, ಸಲಹೆ ಕೊಡು ಎಂಬರ್ಥದ ಅಡ್ವೈಸ್ ಥರದವಕ್ಕೆ ಮಾತ್ರ ಎಸ್ ಬರೆಯಿರಿ.

ಜಡ್ಜ್‌ಮೆಂಟ್‌ನಲ್ಲಿ ಜಿ ಆದಮೇಲೆ ಇ ಬೇಕೋ ಬೇಡವೋ? ಬ್ರಿಟಿಷ್ ಬರಹದಲ್ಲಿ ಎರಡೂ ನಡೆಯುತ್ತವೆ. ಕೋರ್ಟಿನ ತೀರ್ಪಾದರೆ ಇ ಬಿಡಿ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಇಂಗ್ಲಿಷ್ ಪಾಠದಲ್ಲೂ ಇ ಇಲ್ಲ. ಬೇರೆ ಕಡೆ ಒಂದು ರೂಪ ಆರಿಸಿ, ಕೊನೇ ಪುಟದ ತನಕ ಅದನ್ನೇ ಉಳಿಸಿಕೊಳ್ಳಿ. ಬರೆಯಲು ಕೂರುವ ಮೊದಲೇ ಕಂಪ್ಯೂಟರಿನಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದೆಯೇ, ಭಾರತದ್ದೇ ಅಂತ ನೋಡಿಕೊಳ್ಳಿ. ಅಮೆರಿಕದ್ದಿದ್ದರೆ ಡ್ರೈವಿಂಗ್ ಲೈಸೆನ್ಸ್‌ಗೆ ಎಸ್ ಬದಲು ನೀವು ಸರಿಯಾಗಿ ಬರೆದ ಕೊನೆಯ ಸಿ ಕೆಳಗೂ ಕೆಂಪು ಗೆರೆ ಬರಬಹುದು.